ಮಾವನ ಸಾವಿನ ತಾಲೀಮು

ನಮ್ಮ ಸೋದರಮಾವ ಸಾಯುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ನನಗೇ ನೆನಪಿಲ್ಲ! ಅವ್ವನೊಡನೆ ಕೊಂಡ್ಲಹಳ್ಳಿಗೆ ಹೋದಾಗಲೆಲ್ಲ ಅವರು ಪಡಸಾಲೆಯಲ್ಲಿ ತಮ್ಮ ಕರಿ ಕಂಬಳಿ ಹಾಸಿ, ಕಣ್ಣು ಮುಚ್ಚಿ ಮಲಗಿ, "ಈಗ ನನಗೆ ಮಾತು ನಿಂತೈತೆ. ಏನ್ ಮಾಡ್ತೀರ?" ಅನ್ನುತ್ತಿದ್ದರು. ಮಾತು ನಿಂತವರು ಇಷ್ಟು ಜೋರಾಗಿ ಕೇಳುತ್ತಾರೆಯೇ?

ಮೊದಲ ಸಲ ಅವರ ಮಗ ಓಬಳೇಶ, ಪಾಪ, "ಕಾರು ಮಾಡ್ಕೊಂಡು ದಾವಣಗೆರೆಗೆ ಒಯ್ತೀನಪ್ಪ" ಎಂದ. ಹೆಣ ಎದ್ದು ಕೂತಿತು!

"ತಪ್ಪು! ನಿಮ್ಮವ್ವನ್ನ ಒಯ್ದು ಏನ್ ಉದ್ಧಾರ ಮಾಡ್ದೆಲೇ?"

ಅತ್ತೆಗೆ ಅಲ್ಲಿ ಉಸಿರಾಟದ ಯಂತ್ರ ಹಾಕಿದ್ದರು. ನಳಿಕೆ ಕಿತ್ತುಕೊಳ್ಳದಂತೆ ಕೈ ಕಟ್ಟಿದ್ದರು. ಮಾವ ಗಾಜಿನ ಈಚೆ ನಿಂತೇ ಅವರನ್ನು ಕಳೆದುಕೊಂಡರು. ತಾಲೀಮು ಶುರುವಾದದ್ದು ಆಮೇಲೆ.

ಸರಿಯುತ್ತರ ಒಂದೇ. ಕಂಬಳಿಯ ಮೇಲೆ ಕೈಯಿಟ್ಟು, "ಯಂತ್ರ ಹಾಕಿಸಲ್ಲ, ಮನೆಗೆ ಕರ್ಕೊಂಡು ಬರ್ತೀವಿ" ಅನ್ನಬೇಕು. ಕುರಿ ಕಾಯುವ ನಮ್ಮ ಮನೆಗಳಲ್ಲಿ ಕಂಬಳಿ ಮುಟ್ಟಿ ಆಡಿದ ಮಾತು ತಪ್ಪುವಂತಿಲ್ಲ. ಅಂದ ಕೂಡಲೇ ಮಾವ, "ಹಂಗನ್ನು! ಚಾ ಇಡೇ ತಂಗಿ" ಎಂದು ನಮ್ಮವ್ವನನ್ನು ಕೂಗಿ ಏಳುತ್ತಿದ್ದರು.

ಸುಮಾರು ಹದಿನೈದು ವರ್ಷದ ಹಿಂದೆ ಒಮ್ಮೆ ನನ್ನನ್ನು ಮೊಳಕಾಲ್ಮೂರಿನ ವಕೀಲರ ಬಳಿಗೂ ಎಳೆದೊಯ್ದರು.

"ಯಂತ್ರ ಬ್ಯಾಡ ಅಂತ ಛಾಪಾ ಕಾಗದದಾಗೆ ಬರ್ಕೊಡ್ರಿ."

"ಯಜಮಾನ್ರೇ, ಆಸ್ತಿಗೆ ಉಯಿಲು ಬರೀಬಹುದು. ಇದಕ್ಕೆ ನಮ್ಮಲ್ಲಿ ಇನ್ನೂ ಕಾನೂನಿಲ್ಲ."

"ನನ್ನ ಕುರಿ ನನ್ನವು. ನನ್ನ ಉಸಿರು ಯಾರ್ದು?"

ವಕೀಲರು ಫ್ಯಾನು ನೋಡಿದರು. ಮಾವ ಬಿಡುತ್ತಾರೆಯೇ? ಹೆಗಲ ಕಂಬಳಿ ತೆಗೆದು ಅವರ ಮೇಜಿನ ಮೇಲೇ ಹಾಸಿದರು! "ಹಂಗಾದ್ರೆ ನೀವೂ ಕೈಯಿಡ್ರಿ."

ಒಂದು ಮಧ್ಯಾಹ್ನ ಮಾತು ನಿಜವಾಗಿ ನಿಂತಿತು. ಕುರಿಹಟ್ಟಿಯಲ್ಲಿ ಬಿದ್ದವರನ್ನು ಓಬಳೇಶ ಕಂಬಳಿಯಲ್ಲೇ ಸುತ್ತಿ ಬಾಡಿಗೆ ಕಾರಿನಲ್ಲಿ ಚಳ್ಳಕೆರೆಯ ಆಸ್ಪತ್ರೆಗೆ ತಂದಿದ್ದ. ನಾನು ಓಡಿ ಬಂದಾಗ ಡಾಕ್ಟರು ಹೇಳುತ್ತಿದ್ದರು: "ಮೆದುಳಿನಲ್ಲಿ ರಕ್ತನಾಳ ಒಡೆದಿದೆ. ಎಚ್ಚರ ಆಗೋ ಭರವಸೆ ನನಗಿಲ್ಲ. ಯಂತ್ರ ಬೇಕಂದ್ರೆ ದಾವಣಗೆರೆಗೆ ಈಗಲೇ ಹೊರಡಿ. ಆದ್ರೆ ಒಮ್ಮೆ ಹಾಕಿದ್ಮೇಲೆ ತೆಗೀರಿ ಅಂದ್ರೆ ಯಾರೂ ತೆಗೆಯಲ್ಲ, ಕೇಸಿನ ಭಯ. ಮಗ ನೀವು, ನೀವೇ ಹೇಳ್ಬೇಕು."

ಓಬಳೇಶ ನನ್ನ ತೋಳು ಹಿಡಿದ. "ಹಾಕಿಸದಿದ್ರೆ ಅಪ್ಪನ್ನ ನಾನೇ ಕೊಂದಂಗಾಗಲ್ವೇನಲೇ?"

ನಾನು ಬೆಂಚಿನ ಮೇಲಿದ್ದ ಕಂಬಳಿಯನ್ನು ಅವನ ಮುಂದೆ ಹಾಸಿದೆ. "ನೀನೇನೂ ತೀರ್ಮಾನ ಮಾಡ್ಬೇಡ. ಅವರು ಏನ್ ಹೇಳಿದ್ರು, ಅದನ್ನ ಹೇಳು ಸಾಕು."

ಅವನ ಕೈ ಕಂಬಳಿಯವರೆಗೂ ಬಂದು ಗಾಳಿಯಲ್ಲೇ ನಿಂತಿತು. ಹೊರಗೆ ಕಾರಿನವನು ಹಾರ್ನ್ ಹೊಡೆದ. ಮತ್ತೆ ಹೊಡೆದ. ಆಮೇಲೆ ಕೈ ಕಂಬಳಿಯ ಮೇಲೆ ಇಳಿಯಿತು.

ಅದೇ ಪಡಸಾಲೆಯಲ್ಲಿ, ಅದೇ ಕಂಬಳಿಯ ಮೇಲೆ, ಇನ್ನೂ ಉಸಿರಿದ್ದ ಮಾವನನ್ನು ಮಲಗಿಸಿದೆವು. ಓಬಳೇಶ ಅವರ ಕಿವಿಗೆ ಬಾಗಿದ. "ಯಂತ್ರ ಹಾಕಿಸ್ಲಿಲ್ಲಪ್ಪ. ಮನೆಗೆ ಕರ್ಕೊಂಡು ಬಂದೀವಿ."

ಉತ್ತರದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ನಾವಿಬ್ಬರೂ ಮಾವನ ಮುಖವನ್ನೇ ನೋಡುತ್ತ ಕೂತೆವು.

ಒಳಗೆ, ಸುದ್ದಿ ಕೇಳಿ ಬಂದಿದ್ದ ಅವ್ವ ಮಾವನ ಲೋಟ ತೊಳೆದು, ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಿದ್ದಳು.