ಅಪಾರ ಬಂಧುಬಳಗವನ್ನು ಅಗಲಿದವರು

ಸಾವಿನ ವಿಷಯದಲ್ಲಿ ನಗಬಾರದು ಅಂತ ನನಗೂ ಗೊತ್ತು. ಆದರೆ ಸತ್ತವರ ಪೇಪರ್ ಕಟಿಂಗ್ ಇಟ್ಟುಕೊಂಡು ಕೂತವಳ ಮುಂದೆ ವಾರಕ್ಕೊಂದಾದರೂ ನಗು ಬರಿಸುವಂಥದ್ದು ನಡೆದೇ ನಡೆಯುತ್ತದೆ. ನಗಬೇಕೋ ಅಳಬೇಕೋ ಅಂತ ತೀರ್ಮಾನ ಮಾಡುವಷ್ಟರಲ್ಲಿ ಬಂದವರು ಎದ್ದು ಹೋಗಿರುತ್ತಾರೆ.

ನಾನು ಗ್ರಂಥಾಲಯವೊಂದರ ಪತ್ರಿಕಾ ವಿಭಾಗದಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಮನೆ ನಜರ್‌ಬಾದಿನಲ್ಲಿ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ನಮ್ಮವರ ರುದ್ರಭೂಮಿ ಇದೆ. ಯಾರನ್ನು ಎಲ್ಲಿ ಮಣ್ಣು ಮಾಡಿದ್ದಾರೆ ಅಂತ ಬರೆದಿಡುತ್ತಿದ್ದ ಅಲ್ಲಿಯ ದಪ್ಪ ರಿಜಿಸ್ಟರು ಒಂದು ಮಳೆಗಾಲದಲ್ಲಿ ನೆನೆದು, ಆಮೇಲೆ ಗೆದ್ದಲು ಹಿಡಿದು ಮಣ್ಣುಪಾಲಾಯಿತು. ಕಲ್ಲು ಹಾಕಿಸಿದವರ ಸಮಾಧಿ ಸರಿ, ಬರೀ ಮಣ್ಣಿನ ದಿಬ್ಬಗಳು ಯಾರವು ಅಂತ ಹೇಳುವ ಕಾಗದ ಒಂದೂ ಉಳಿಯಲಿಲ್ಲ. ಆಗ ರುದ್ರಭೂಮಿ ಸಮಿತಿಯ ಕಾರ್ಯದರ್ಶಿಗಳು ನನ್ನನ್ನು ಹುಡುಕಿಕೊಂಡು ಬಂದರು.

"ಹಳೇ ಪೇಪರುಗಳಲ್ಲಿ ನಿಧನ ವಾರ್ತೆ ಬಂದಿರುತ್ತಲ್ಲ ಮೇಡಂ, ಅದರಲ್ಲಿ ಅಂತ್ಯಕ್ರಿಯೆ ಎಲ್ಲಿ ಅಂತ ಇರುತ್ತೆ. ನಮ್ಮಲ್ಲಿಗೆ ಬಂದವರದ್ದನ್ನೆಲ್ಲ ಹುಡುಕಿ ಅಂಟಿಸಿಕೊಡಿ. ಇಲ್ಲದಿದ್ರೆ ಇವರೆಲ್ಲ ಬದುಕಿದ್ದರು ಅನ್ನೋದಕ್ಕೇ ಸಾಕ್ಷಿ ಇರೋದಿಲ್ಲ."

ಒಪ್ಪಿಕೊಂಡೆ. ಅಲ್ಲಿ ಬಹಳ ವರ್ಷದಿಂದ ಗುಂಡಿ ತೋಡುತ್ತ, ಕಾವಲೂ ಕಾಯುತ್ತ ಬಂದಿರುವ ಒಬ್ಬರಿದ್ದಾರೆ. ಯಾವ ದಿಬ್ಬ ಯಾರದು ಅಂತ ಅವರು ನೆನಪಿನಿಂದ ಹೇಳುತ್ತಾರೆ, ನಾನು ಕಟಿಂಗಿನ ಪಕ್ಕ ಸಾಲು ಮತ್ತು ನಂಬರು ಬರೆಯುತ್ತೇನೆ. ಇಷ್ಟೇ ಕೆಲಸ.

ಅಂಟು

ಹಳೇ ಪೇಪರುಗಳನ್ನು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ರದ್ದಿಗೆ ಹಾಕಲು ಕಟ್ಟಿಟ್ಟಿದ್ದರು. ಕತ್ತರಿಸಿಕೊಳ್ಳಲು ಅನುಮತಿ ಬೇಕಲ್ಲ, ಹೊಸದಾಗಿ ಬಂದ ಅಧಿಕಾರಿಯ ಹತ್ತಿರ ಹೋದೆ.

"ಎಲ್ಲಾ ಬಿಟ್ಟು ನಿಧನ ವಾರ್ತೆ ಯಾಕ್ರೀ? ಆರಾಮಾಗಿ ಅಡುಗೆ ಪುಟ ಕತ್ತರಿಸ್ಕೊಳ್ಳಿ, ರಾಶಿಭವಿಷ್ಯ ಕತ್ತರಿಸ್ಕೊಳ್ಳಿ" ಅಂದರು.

"ರಾಶಿಭವಿಷ್ಯ ಸುಳ್ಳಾಗುತ್ತೆ ಸಾರ್. ಇದು ಆಗಲ್ಲ" ಅಂದೆ. ಪೆನ್ನು ತೆಗೆದು ಸಹಿ ಹಾಕಿದರು.

ಅಂಟಿಸಲು ನಾನು ಬಳಸುವುದು ಮೈದಾ ಅಂಟು. ಬರೀ ಮೈದಾ ಆದರೆ ಹುಳ ಬೀಳುತ್ತದೆ, ಅದಕ್ಕೆ ಚಿಟಿಕೆ ಮೈಲುತುತ್ತ ಬೆರೆಸಬೇಕು. ಅಡುಗೆಮನೆಯಲ್ಲಿ ನಿಂತು ಕಲಕುತ್ತಿದ್ದಾಗ ಸೊಸೆ ಬಂದು ಆ ನೀಲಿ ಪುಡಿ ನೋಡಿದಳು.

"ಅತ್ತೆ, ಇದೇನು?"

"ವಿಷ ಕಣಮ್ಮ. ಹೀಗೆ ಬೆರೆಸಿದ್ರೆ ಗೊತ್ತೇ ಆಗಲ್ಲ."

ನಾನು ಹೇಳಿದ್ದು ಅಂಟಿನ ಬಣ್ಣದ ವಿಷಯ. ಅಂದಿನಿಂದ ನನ್ನ ಕೈಯ ಕಾಫಿಯನ್ನು ಮನೆಯಲ್ಲಿ ಯಾರೂ ಕುಡಿಯುತ್ತಿಲ್ಲ.

ಮೂವರು ಪುತ್ರರು

ಒಂದು ಭಾನುವಾರ ವಿಜಯನಗರದಿಂದ ಅಣ್ಣತಮ್ಮಂದಿರಿಬ್ಬರು ನಮ್ಮ ಮನೆಗೆ ಬಂದರು. ಇಬ್ಬರಿಗೂ ಐವತ್ತು ದಾಟಿತ್ತು, ಇಬ್ಬರೂ ವ್ಯಾಪಾರಸ್ಥರು. ತಂದೆಯ ದಿಬ್ಬಕ್ಕೆ ಈಗ ಕಲ್ಲು ಹಾಕಿಸಬೇಕು, ಅದಕ್ಕೆ ತೀರಿಕೊಂಡ ತಾರೀಖು ಬೇಕು. ಫೈಲು ತೆಗೆದು ಕಟಿಂಗ್ ತೋರಿಸಿದೆ. ಅಣ್ಣ ಕನ್ನಡಕ ಹಾಕಿಕೊಂಡು ಜೋರಾಗಿ ಓದಿದರು: "ಮೃತರು ಪತ್ನಿ, ಮೂವರು ಪುತ್ರರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ."

ಓದಿ ನಿಲ್ಲಿಸಿದರು. "ಮೂವರು ಅಂತ ತಪ್ಪು ಹಾಕಿದ್ದಾರಲ್ಲ. ನಾವಿಬ್ಬರೇ."

"ಪೇಪರಿನವರು ಆಗಲೂ ಹೀಗೇ ಬಿಡು" ಅಂದರು ತಮ್ಮ. "ಮೇಡಂ, ಪೆನ್ನಲ್ಲಿ ತಿದ್ದಿಬಿಡಿ."

ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಹಿಂದಿನ ವಾರ ಅದೇ ಕುರ್ಚಿಯಲ್ಲಿ ಅದೇ ಮೂಗಿನ ಇನ್ನೊಬ್ಬರು ಕೂತು, ಈ ಕಟಿಂಗನ್ನು ಬಹಳ ಹೊತ್ತು ಸವರಿ ಹೋಗಿದ್ದರು. "ಯಾರಾದ್ರೂ ಕೇಳಿದ್ರೆ ಹೇಳಿ ಅಮ್ಮ, ನಾನೇನೂ ಬಚ್ಚಿಟ್ಟುಕೊಂಡಿಲ್ಲ" ಅಂತಲೂ ಅಂದಿದ್ದರು.

"ತಿದ್ದೋಕಾಗಲ್ಲ ಸಾರ್."

"ಯಾಕೆ?"

"ಮೂರನೆಯವರು ಹೋದ ವಾರ ಬಂದು ಜೆರಾಕ್ಸ್ ತಗೊಂಡು ಹೋದ್ರು."

ಅಣ್ಣ ಕನ್ನಡಕ ತೆಗೆದು ಒರೆಸುತ್ತ, "ನೋಡು, ಈ ವಿಷಯ ಅಮ್ಮನಿಗೆ ಗೊತ್ತಾಗೋದು ಬೇಡ" ಅಂದರು.

ತಮ್ಮ ನೆಲ ನೋಡುತ್ತ ಹೇಳಿದರು: "ಅವತ್ತು ಪೇಪರಿಗೆ ಬರೆದು ಕಳಿಸಿದ್ದೇ ಅಮ್ಮ ಕಣೋ."

ನಗುಮುಖದವರು

ಎಂಬತ್ತು ದಾಟಿದ ಅಜ್ಜಿಯೊಬ್ಬರು ಪ್ರತಿವರ್ಷ ಮಗಳ ಜೊತೆ ಗಂಡನ ಸಮಾಧಿಗೆ ಬರುತ್ತಾರೆ. ಕೈಯಲ್ಲಿ ಕಟ್ಟು ಹಾಕಿಸಿದ ಫೋಟೋ. ಮನೆಯಲ್ಲಿದ್ದ ಒಂದೇ ಫೋಟೋವನ್ನು ಆಗ ಪೇಪರಿಗೆ ಕೊಟ್ಟಿದ್ದರಂತೆ, ಅದು ವಾಪಸ್ ಬರಲೇ ಇಲ್ಲ. ಪೇಪರಿನಲ್ಲಿ ಅಚ್ಚಾಗಿದ್ದನ್ನೇ ದೊಡ್ಡದು ಮಾಡಿಸಿ ಇಟ್ಟುಕೊಂಡಿದ್ದಾರೆ. ತಂದೆ ಹೋದಾಗ ಮಗಳಿಗೆ ಒಂದು ವರ್ಷ. ಅವಳಿಗೆ ಅಪ್ಪ ಅಂದರೆ ಆ ಫೋಟೋ.

ಆ ಯಜಮಾನರ ಕಟಿಂಗ್ ಅಂಟಿಸುವಾಗ ಮರುದಿನದ ಪೇಪರಿನಲ್ಲಿ ಎರಡು ಸಾಲು ಕಣ್ಣಿಗೆ ಬಿತ್ತು. ನಿನ್ನೆಯ ನಿಧನ ವಾರ್ತೆಗಳಲ್ಲಿ ಇಬ್ಬರ ಭಾವಚಿತ್ರ ಅದಲುಬದಲಾಗಿದೆ, ವಿಷಾದಿಸುತ್ತೇವೆ. ನಲವತ್ತು ವರ್ಷದಿಂದ ಇವರು ಪೂಜೆ ಮಾಡುತ್ತಿರುವುದು ಯಾರಿಗೋ!

ಆ ವರ್ಷ ಅವರು ಬಂದಾಗ ಮಗಳು ನೀರು ತರಲು ನಲ್ಲಿಯ ಕಡೆ ಹೋಗುವವರೆಗೆ ಕಾದು, ಅಜ್ಜಿಯ ಕಿವಿಯ ಹತ್ತಿರ ಹೇಳಿದೆ: "ಅಮ್ಮಾ, ಈ ಫೋಟೋ ನಿಮ್ಮ ಯಜಮಾನ್ರದ್ದಲ್ಲ ಅನ್ಸುತ್ತೆ."

"ಗೊತ್ತು ಕಣಮ್ಮ."

"ಗೊತ್ತಾ?"

"ನಮ್ಮನೆಯೋರು ಒಂದಿನಾನೂ ನಕ್ಕೋರಲ್ಲ. ಕುಡ್ಕೊಂಡು ಬಂದು ಕೈಗೆ ಸಿಕ್ಕಿದ್ದರಲ್ಲಿ ಹೊಡೆಯೋರು. ಇವ್ರು ನೋಡು, ಎಷ್ಟು ಚೆಂದಾಗಿ ನಗ್ತಾವ್ರೆ. ಮಗಳು ಇವರಿಗೇ ಅಪ್ಪ ಅಂತ ಕೈ ಮುಗೀಲಿ ಬುಡು."

ನನ್ನ ಸೇವಾವಧಿಯಲ್ಲಿ ಮಾಡದ ಅಪರಾಧವನ್ನು ಅವತ್ತು ಮಾಡಿದೆ. ಆ ಎರಡು ಸಾಲನ್ನು ಅಕ್ಷರ ಒಳಮುಖ ಮಾಡಿ ಅಂಟಿಸಿದೆ. ಹೊರಡುವಾಗ ಅಜ್ಜಿ ಗೇಟಿನ ತನಕ ಹೋದವರು ತಿರುಗಿ ಬಂದು, ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು: "ಅಲ್ಲ ಕಣಮ್ಮ, ಆ ಇನ್ನೊಂದು ಮನೆಯೋರು ನಮ್ಮೋರ ಫೋಟೋ ಇಟ್ಕೊಂಡು ಪೂಜೆ ಮಾಡ್ತಿಲ್ಲ ತಾನೇ? ಅಯ್ಯೋ ಪಾಪ."

ಮೇಷ್ಟ್ರ ತಿದ್ದುಪಡಿ

ನಮ್ಮ ಬೀದಿಯಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರಿದ್ದರು. ನನ್ನ ಕೆಲಸದ ಸುದ್ದಿ ಕೇಳಿ ಒಂದು ಬೆಳಿಗ್ಗೆ ಕವರು ಹಿಡಿದು ಬಂದರು. ಒಳಗೆ ಅವರದೇ ನಿಧನ ವಾರ್ತೆ! ದುಂಡು ಅಕ್ಷರದಲ್ಲಿ ಬರೆದು, ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದರು.

"ಪೇಪರಿನವರ ಕನ್ನಡ ನನಗೆ ನಂಬಿಕೆಯಿಲ್ಲಮ್ಮ. ಇದನ್ನ ನಿಮ್ಮ ಫೈಲಿನಲ್ಲಿಡಿ. ಸಮಯ ಬಂದಾಗ ತಾರೀಖು ತುಂಬಿ ಕಳಿಸಿ."

ಮುಂದಿನ ತಿಂಗಳು ಮತ್ತೆ ಬಂದರು. ಜೇಬಿನಿಂದ ಕೆಂಪು ಪೆನ್ನು ತೆಗೆದು 'ಅಪಾರ ಬಂಧುಬಳಗ' ಅನ್ನುವಲ್ಲಿ 'ಅಪಾರ' ಹೊಡೆದು ಹಾಕಿದರು. "ಎಣಿಸಿ ನೋಡಿದೆ. ಒಂಬತ್ತು ಜನ. ಅದಕ್ಕೆ ಅಪಾರ ಅನ್ನೋದಿಲ್ಲ." ಇನ್ನೊಂದು ಸಲ 'ಅಲ್ಪಕಾಲದ ಅಸ್ವಸ್ಥತೆ' ಹೊಡೆದರು. "ನಾಲ್ಕು ವರ್ಷದಿಂದ ಮಂಡಿ, ಸಕ್ಕರೆ, ಎದೆ ಎಲ್ಲಾ ಕೆಟ್ಟಿವೆ. ಅಲ್ಪಕಾಲ ಹೇಗಾಗುತ್ತೆ?" 'ವಿದ್ಯಾರ್ಥಿಗಳ ಅಚ್ಚುಮೆಚ್ಚಿನ' ಅನ್ನುವುದನ್ನೂ ಹೊಡೆದರು. ಯಾಕೆ ಸಾರ್ ಅಂದರೆ, "ನಾನು ಹೊಡೀತಿದ್ದೆ" ಅಂದರು.

ಒಂದು ದಿನ ಬಂದು ಕೂತರು. ಫೈಲು ಕೇಳಿದರು, ಕೊಟ್ಟೆ. 'ಪತ್ನಿ' ಅನ್ನುವ ಪದದ ಮೇಲೆ ಪೆನ್ನು ಇಟ್ಟು ಬಹಳ ಹೊತ್ತು ಹಾಗೇ ಹಿಡಿದಿದ್ದರು. ಆಕೆಯನ್ನು ಹಿಂದಿನ ವಾರವಷ್ಟೇ ಮಣ್ಣು ಮಾಡಿದ್ದೆವು. ಕೊನೆಗೆ ಹೊಡೆಯಲಿಲ್ಲ. "ಇವಳನ್ನ ಅಗಲಿದ್ದೇನೆ ಅನ್ನೋದು ನಿಜ ತಾನೇ? ಇರಲಿ, ಇದರಲ್ಲಿ ವ್ಯಾಕರಣದ ತಪ್ಪಿಲ್ಲ" ಅಂತ ಎದ್ದು ಹೋದರು.

ಮಳೆಗಾಲಕ್ಕೆ ಮೊದಲೇ ಅವರೂ ಹೋದರು. ತಾರೀಖು ತುಂಬಿ ಕವರನ್ನು ಅವರ ಅಣ್ಣನ ಮಗನ ಕೈಗೆ ಕೊಟ್ಟೆ. ಮರುದಿನ ಪೇಪರು ಬಿಡಿಸಿದರೆ, "ವಿದ್ಯಾರ್ಥಿಗಳ ಅಚ್ಚುಮೆಚ್ಚಿನ ಶಿಕ್ಷಕರು ಅಲ್ಪಕಾಲದ ಅಸ್ವಸ್ಥತೆಯಿಂದ ನಿಧನರಾದರು. ಅಪಾರ ಬಂಧುಬಳಗವನ್ನು ಅಗಲಿದ್ದಾರೆ." ಪಕ್ಕದಲ್ಲಿ ಬೇರೆ ಯಾರ ಹೆಸರೂ ಇಲ್ಲ, ಪತ್ನಿಯದೂ ಇಲ್ಲ.

ಮಣ್ಣಿಗೆ ಬಂದವರು ಆರು ಜನ. ಒಂಬತ್ತರಲ್ಲಿ ಮೂವರು ಫೋನ್ ಮಾಡಿ ವಿಚಾರಿಸಿಕೊಂಡರು. ಕಟಿಂಗ್ ಅಂಟಿಸಿದೆ. ಆಮೇಲೆ ಕೆಂಪು ಪೆನ್ನು ತೆಗೆದು ಮೂರು ಕಡೆ ಸುತ್ತು ಹಾಕಿ, ಕೆಳಗೆ ಬರೆದೆ: 'ಹತ್ತಕ್ಕೆ ಎರಡು. ಪೋಷಕರನ್ನು ಕರೆತರುವುದು.'

ಆ ಕೈ

ಎಲ್ಲರದೂ ಇಟ್ಟಿದ್ದೀರಿ, ನಿಮ್ಮ ಮನೆಯವರದ್ದು ಎಲ್ಲಿ ಅಂತ ಕೇಳುತ್ತಾರೆ. ಇದೆ. ಮೂರನೇ ಸಾಲು, ನಂಬರು ಹದಿನಾಲ್ಕು. ಆ ಪುಟ ಬಂದರೆ ಬೇಗ ತಿರುಗಿಸಿಬಿಡುತ್ತೇನೆ.

ನನ್ನ ಯಜಮಾನರು ಹಠಾತ್ತನೆ ಹೋದರು. ಬೆಳಿಗ್ಗೆ ಹಾಲು ತಂದವರು ಮಧ್ಯಾಹ್ನ ಇರಲಿಲ್ಲ. ಆ ಗಡಿಬಿಡಿಯಲ್ಲಿ ಒಂಟಿ ಫೋಟೋ ಸಿಗದೆ, ಯಾವುದೋ ಗುಂಪು ಫೋಟೋದಿಂದ ಅವರ ಮುಖ ಕತ್ತರಿಸಿ ಕಳಿಸಿದ್ದರು. ಮುಖದ ಜೊತೆ, ಹೆಗಲ ಮೇಲೆ ಇಟ್ಟಿದ್ದ ಒಂದು ಕೈಯೂ ಅಚ್ಚಾಗಿಬಿಟ್ಟಿತು. ಬಳೆ ತೊಟ್ಟ ಕೈ.

ಸಾಲು ನಂಬರು ಬರೆಸುವಾಗ ಕಾವಲಿನವರು ಅದನ್ನು ನೋಡಿದರು. ಅವರ ದನಿ ಮೆತ್ತಗಾಯಿತು. "ಅಮ್ಮಾವ್ರೇ, ಈ ಕೈ ತಮ್ಮದಾ?"

"ಅಲ್ಲಪ್ಪ. ನಮ್ಮತ್ತೇದು" ಅಂದೆ. "ಬದುಕಿರೋವರೆಗೂ ತೆಗೀಲಿಲ್ಲ, ಪೇಪರಿನವರಿಗೂ ತೆಗೆಯೋಕಾಗ್ಲಿಲ್ಲ."

ಖುದ್ದು ಹಾಜರಿ

ಹೋದ ವರ್ಷ ರಸ್ತೆ ಅಗಲ ಮಾಡುವ ಮಾತು ಬಂತು. ರುದ್ರಭೂಮಿಯ ಗೋಡೆ ಒಡೆದರೆ ಮೊದಲ ಸಾಲು ಪೂರ್ತಿ ರಸ್ತೆಯ ಕೆಳಗೆ ಹೋಗುತ್ತದೆ. ವಾರಸುದಾರರಿದ್ದರೆ ದಾಖಲೆ ಸಮೇತ ಸ್ಥಳದಲ್ಲಿ ಹಾಜರಿರಬೇಕು, ಇಲ್ಲದಿದ್ದರೆ ವಾರಸುದಾರರಿಲ್ಲದ ಜಾಗ ಅಂತ ಬರೆದುಕೊಳ್ಳುತ್ತೇವೆ ಅಂತ ಪಾಲಿಕೆಯವರು ನೋಟೀಸು ಅಂಟಿಸಿದರು. ಮೊದಲ ಸಾಲಿನಲ್ಲಿ ಮುಕ್ಕಾಲು ಪಾಲು ಬರೀ ಮಣ್ಣಿನ ದಿಬ್ಬಗಳು. ಫೈಲು ಬಿಟ್ಟರೆ ಅವರಿಗೆ ಗತಿಯಿಲ್ಲ.

ಹದಿನೈದು ದಿನ ಕಟಿಂಗುಗಳಲ್ಲಿದ್ದ ವಿಳಾಸ ಹಿಡಿದು ಮನೆಮನೆ ಅಲೆದೆ. ಕೆಲವು ಮನೆಗಳೇ ಇರಲಿಲ್ಲ. ಕೆಲವರು ಬಾಗಿಲಲ್ಲೇ ನಿಲ್ಲಿಸಿ, "ಸತ್ತು ಎಷ್ಟು ವರ್ಷ ಆಯ್ತು, ಈಗ್ಯಾಕಮ್ಮ" ಅಂದರು. ಆದರೂ ಆ ದಿನ ಗೋಡೆಯ ಪಕ್ಕ ಜನ ನೆರೆದಿದ್ದರು. ಕೊಡೆ ಹಿಡಿದ ಅಧಿಕಾರಿ ಮಧ್ಯಾಹ್ನದ ಬಿಸಿಲಲ್ಲಿ ಒಂದೊಂದೇ ದಿಬ್ಬದ ಹತ್ತಿರ ನಿಂತು, ನನ್ನ ಕಟಿಂಗ್ ನೋಡಿ, ವಾರಸುದಾರರ ಸಹಿ ಹಾಕಿಸಿಕೊಳ್ಳುತ್ತ ಬಂದರು.

ಕೊನೆಯ ದಿಬ್ಬದವರು ಒಬ್ಬ ಪೋಸ್ಟ್‌ಮ್ಯಾನ್. ಮದುವೆಯಿಲ್ಲ, ಮಕ್ಕಳಿಲ್ಲ. ಅವರ ನಿಧನ ವಾರ್ತೆಯನ್ನೂ ಬೀದಿಯವರೇ ಸೇರಿ ಹಾಕಿಸಿದ್ದು. ನಾನು ಯಾರನ್ನು ಕರೆತರಲಿ?

"ವಾರಸುದಾರರು?" ಅಂದರು ಅಧಿಕಾರಿ, ಕಾಗದದಿಂದ ತಲೆ ಎತ್ತದೆ.

"ಯಾರೂ ಇಲ್ಲ ಸಾರ್. ಆದರೆ ನೋಡಿ, ಪೇಪರಿನಲ್ಲಿ ಹೆಸರು, ಇದೇ ರುದ್ರಭೂಮಿ ಅಂತ ಎಲ್ಲಾ ಸ್ಪಷ್ಟವಾಗಿದೆ."

"ಅದೆಲ್ಲ ಸರಿಯಮ್ಮ. ಸಂಬಂಧಪಟ್ಟವರು ಖುದ್ದು ಹಾಜರಿರಬೇಕು ಅಂತ ನಿಯಮ ಇದೆ. ಗೈರುಹಾಜರಿ ಅಂತ ಬರ್ಕೋತೀನಿ."

ಅಷ್ಟರಲ್ಲಿ ಹಿಂದೆ ನಿಂತಿದ್ದ ಕಾವಲಿನವರು ಟವಲ್ಲು ಕಂಕುಳಿಗಿಟ್ಟುಕೊಂಡು ಮುಂದೆ ಬಂದರು.

"ಸ್ವಾಮಿ, ಅಂಗೆ ಬರೀಬೇಡಿ. ಅವ್ರು ಖುದ್ದು ಹಾಜರವ್ರೆ."

"ಎಲ್ರೀ?"

"ಇಲ್ಲಿ ಯಾರನ್ನೂ ಮಲಗ್ಸಲ್ಲ ಸ್ವಾಮಿ, ಕೂರ್ಸಿ ಮಣ್ಣು ಮಾಡೋದು. ತಾವು ಈಗ ಅವರ ನೆತ್ತಿ ಮೇಲೇ ನಿಂತಿದ್ದೀರ."

ಅಧಿಕಾರಿ ಕೊಡೆ ಸಮೇತ ಪಕ್ಕಕ್ಕೆ ನೆಗೆದರು.

"ಅಲ್ಲೂ ನಿಲ್ಬೇಡಿ ಸ್ವಾಮಿ, ಅದು ಅಕ್ಸಾಲಿಗರ ಯಜಮಾನ್ರು."

ಇನ್ನೊಂದು ಕಡೆ ನೆಗೆದರು.

"ಅಯ್ಯೋ, ಅಲ್ಲಂತೂ ಬೇಡವೇ ಬೇಡ! ಆ ಯಮ್ಮ ಬದುಕಿದ್ದಾಗ್ಲೇ ಯಾರನ್ನೂ ಬುಟ್ಟೋರಲ್ಲ!"

ಆಮೇಲೆ ಆ ಸಾಲು ಉಳಿಯಿತು, ರಸ್ತೆ ಎದುರಿನ ಬದಿಗೆ ಸರಿಯಿತು. ಅದಕ್ಕೆ ಕಾರಣ ನನ್ನ ಕಟಿಂಗುಗಳೋ, ಬೇರೆ ಏನೋ, ನನಗೆ ಗೊತ್ತಿಲ್ಲ. ನನ್ನ ಕಣ್ಣಲ್ಲಿ ಉಳಿದಿರುವುದು ಇಷ್ಟೇ: ಎರಡನೇ ಕಾಲು ಎಲ್ಲಿ ಊರಬೇಕು ಅಂತ ತಿಳಿಯದ ಅಧಿಕಾರಿ, ಕಾವಲಿನವರ ಹೆಗಲು ಹಿಡಿದು ಒಂಟಿಕಾಲಲ್ಲಿ ನಿಂತು ಬರೆದರು: 'ಹಾಜರು.' ಬರೆದು, ನೆಲದ ಕಡೆ ಬಗ್ಗಿ ಕೇಳಿದರು: "ಸರಿನಾ ಸಾರ್?"