ಎಂಬತ್ತಾರು ಅಂದರೆ ಮೂವತ್ತೆರಡು

'ಗೊತ್ತಿಲ್ಲ' ಎನ್ನುವ ಮಾತು ಪಾಠ ಹೇಳಿದವರ ಬಾಯಲ್ಲಿ ಸುಲಭಕ್ಕೆ ಬರುವುದಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ನನಗೆ ರಿಟೈರಾದ ಮೇಲೂ ಆ ಚಾಳಿ ಬಿಟ್ಟಿಲ್ಲ. ಹಾಗಾಗಿ ಹಳೇ ಕನ್ನಡ ಫಾಂಟನ್ನು ಹೊಸದಕ್ಕೆ ಬದಲಾಯಿಸುವ ಕನ್ವರ್ಟರ್ ಮಾರುವ ಹುಡುಗಿ ಫೋನಿನಲ್ಲಿ, ನಿಮ್ಮ ಟೈಪಿಂಗ್ ಸಾಫ್ಟ್‌ವೇರ್ ಮೂವತ್ತೆರಡು 'ಬಿಟ್'ನದೋ ಅರವತ್ತನಾಲ್ಕರದೋ ಎಂದು ಕೇಳಿದಾಗ, ಹಿಂದೆಮುಂದೆ ನೋಡದೆ ಅರವತ್ತನಾಲ್ಕು ಎಂದುಬಿಟ್ಟೆ. ಎರಡರಲ್ಲಿ ದೊಡ್ಡದು ಜಯನಗರದವರ ಮನೆಯಲ್ಲಿರದೆ ಇನ್ನೆಲ್ಲಿರುತ್ತದೆ?

ಈ ಕನ್ವರ್ಟರ್ ಬೇಕಾಗಿ ಬಂದದ್ದು ನನ್ನದೇ ಒಂದು ಘನಕಾರ್ಯದಿಂದ. ಅಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ ಆರತಿ ಹಾಡು, ಹಸೆ ಹಾಡುಗಳನ್ನೆಲ್ಲ ಎಷ್ಟೋ ವರ್ಷದ ಹಿಂದೆ ನಾನೇ ಕೂತು ಟೈಪ್ ಮಾಡಿದ್ದೆ. ಇನ್ನು ಭದ್ರವಾಯಿತಲ್ಲ ಎಂದು ನೋಟ್‌ಬುಕ್ಕನ್ನು ಹಳೇ ಪೇಪರಿನವನ ತಕ್ಕಡಿಗೆ ಹಾಕಿದೆ. ಈಗ ತಂಗಿಯ ಮಗಳ ಸೀಮಂತಕ್ಕೆಂದು ಫೈಲು ತೆರೆದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ, ಒಂದು ಪದವೂ ಓದಲಾಗದು. ಅಮ್ಮನ ಕೈಬರಹವನ್ನು ರದ್ದಿಗೆ ಹಾಕಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಭಾನುವಾರದೊಳಗೆ ಹಾಡುಗಳನ್ನು ವಾಪಸು ತಂದೇ ತರುತ್ತೇನೆ, ಅದೂ ಯಾರ ಕೈಕಾಲೂ ಹಿಡಿಯದೆ ಎಂದು ಹಟ ತೊಟ್ಟೆ.

ಹುಡುಗಿ ಕಳಿಸಿದ ಅರವತ್ತನಾಲ್ಕು ಬಿಟ್ಟಿನ ಕನ್ವರ್ಟರ್ ನನ್ನ ಸಾಫ್ಟ್‌ವೇರಿನೊಳಗೆ ಕೂರಲೇ ಇಲ್ಲ. ಎರಡೂ ಒಂದೇ ಬಿಟ್ಟಿನವಾಗಿರಬೇಕಂತೆ. ಕಂಪ್ಯೂಟರಿನ ಸೆಟ್ಟಿಂಗ್ಸ್ ತೆರೆದು ನೋಡಿದೆ. ಅರವತ್ತನಾಲ್ಕು ಎಂದೇ ಬರೆದಿತ್ತು. ನಾನು ಹೇಳಿದ್ದೇ ಸರಿ ಎಂದು ಗೆದ್ದವಳಂತೆ ಯಜಮಾನರಿಗೆ ತೋರಿಸಿದೆ. ಅವರು ಪೇಪರಿನಿಂದ ತಲೆಯೆತ್ತದೆ, "ಅದು ಕಂಪ್ಯೂಟರ್ ಲೆಕ್ಕ ಅಲ್ವಾ? ದೊಡ್ಡ ಮನೇಲಿ ಸಣ್ಣ ಸಂಸಾರ ಇರಬಾರ್ದೇನೆ?" ಎಂದರು. ರೈಲ್ವೆ ಟಿಕೆಟ್ ಬುಕ್ ಮಾಡಲೂ ನನ್ನನ್ನು ಕರೆಯುವ ಮನುಷ್ಯ. ಅವರ ಮಾತು ಸರಿಯಾಗಿದ್ದುದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ಫೋರ್ತ್ ಬ್ಲಾಕಿನ ರಿಪೇರಿಯವನ ಹತ್ತಿರ ಒಯ್ಯೋಣ ಎಂದದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮರುದಿನ ಯಡಿಯೂರು ಕೆರೆಯ ವಾಕಿಂಗಿಗೂ ಚಕ್ಕರ್ ಹೊಡೆದು ಕೂತೆ. ಸಾಫ್ಟ್‌ವೇರುಗಳಿರುವ ಫೋಲ್ಡರ್ ಹುಡುಕಿದರೆ ಒಂದೇ ಹೆಸರಿನವು ಎರಡಿದ್ದವು. ಒಂದರ ಬಾಲಕ್ಕೆ ಎಂಬತ್ತಾರು ಎಂದು ಅಂಟಿಸಿದ್ದರು, ನನ್ನ ಟೈಪಿಂಗ್ ಸಾಫ್ಟ್‌ವೇರ್ ಅದರೊಳಗಿತ್ತು. ಮೂವತ್ತೆರಡೂ ಅಲ್ಲ, ಅರವತ್ತನಾಲ್ಕೂ ಅಲ್ಲ, ಇದ್ಯಾವುದು ಮೂರನೆಯದು? ಇಂಟರ್ನೆಟ್ಟಿನಲ್ಲಿ ಕೇಳಿದರೆ ಎಂಬತ್ತಾರು ಅಂದರೆ ಮೂವತ್ತೆರಡು ಎಂಬ ಉತ್ತರ ಬಂತು. ನನ್ನ ಕ್ಲಾಸಿನಲ್ಲಿ ಹೀಗೆ ಬರೆದಿದ್ದರೆ ಸೊನ್ನೆ ಸುತ್ತುತ್ತಿದ್ದೆ. ನಂಬಿಕೆಯಾಗದೆ, ಸಾಫ್ಟ್‌ವೇರನ್ನೇ ತೆರೆದು ಅದರ ಕುಲಗೋತ್ರ ಹೇಳುವ ಪುಟಕ್ಕೆ ಹೋಗಿ, ಪಂಚಾಂಗ ನೋಡುವ ಭೂತಕನ್ನಡಿ ಹಿಡಿದೆ. ಮೇಲಿನ ಸಾಲಿನ ತುದಿಯಲ್ಲಿ, ಇರುವೆಯಷ್ಟು ಅಕ್ಷರದಲ್ಲಿ, ಮೂವತ್ತೆರಡು. ಹುಡುಗಿಗೆ ಫೋನ್ ಮಾಡಿ, "ಮೂವತ್ತೆರಡು ಕಣಮ್ಮ. ಈ ಸಲ ನೋಡಿ ಹೇಳ್ತಿದೀನಿ" ಎಂದೆ.

ಸಂಜೆಗೆ ಹಾಡುಗಳು ಬಂದವು. ಮೊದಲ ಆರತಿ ಹಾಡು ಓದುತ್ತಲೇ ಕಣ್ಣು ತುಂಬಿಕೊಂಡಿತು. ಇಪ್ಪತ್ತು ಪ್ರತಿ ಪ್ರಿಂಟ್ ಹಾಕಿಸಿ, ಭಾನುವಾರ ಬನಶಂಕರಿಯ ಛತ್ರದಲ್ಲಿ ಎಲ್ಲರಿಗೂ ಹಂಚಿದೆ. ಎಂಬತ್ತು ದಾಟಿದ ಸರೋಜ ಚಿಕ್ಕಮ್ಮ ತನ್ನ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಗಾಳಿ ಹಾಕಿಕೊಳ್ಳುತ್ತ, ಕಣ್ಣು ಮುಚ್ಚಿ ಹಾಡು ಶುರು ಮಾಡಿದಳು. ಅತ್ತೆ, ತಂಗಿ, ವಾರಗಿತ್ತಿಯರೆಲ್ಲ ಹಾಳೆ ನೋಡದೆಯೇ ದನಿಗೂಡಿಸಿದರು. ನಾನು ಪೆಚ್ಚಾಗಿ ನಿಂತದ್ದನ್ನು ಕಂಡು ಚಿಕ್ಕಮ್ಮ ನಡುವೆ ಹಾಡು ನಿಲ್ಲಿಸಿ ಹೇಳಿದಳು: "ನಮಗೆಲ್ಲ ಬಾಯಿಗೇ ಬರುತ್ತೆ ಕಣೇ. ನೀನೊಬ್ಬಳು ಕಲೀಲಿಲ್ಲ ಅಂತಲೇ ನಿಮ್ಮಮ್ಮ ಅದನ್ನ ಬರೆದಿಟ್ಟಿದ್ದು."

ನಾನು ಕನ್ನಡಕ ಹಾಕಿಕೊಂಡು ಹಾಳೆಯಲ್ಲಿ ಸಾಲು ಹುಡುಕುವಷ್ಟರಲ್ಲಿ ಅವರೆಲ್ಲ ಮೂರನೇ ನುಡಿಗೆ ಹೋಗಿದ್ದರು.