ನೊಗಕ್ಕೊಂದು ಟಿಕೀಟು

ಇವತ್ತು ಎಳ್ಳ ಅಮಾವಾಸ್ಯೆ. ಕತ್ತಲಿರುವಾಗಲೇ ಎದ್ದು ಒಲೆ ಸಾರಿಸಿದೆ. ಎಳ್ಳು ಹಚ್ಚಿ ಸಜ್ಜಿರೊಟ್ಟಿ ಬಡಿದೆ. ನಲವತ್ತೆಂಟಾದ ಮೇಲೆ ಎಣಿಸುವುದು ಬಿಟ್ಟೆ. ಬದನೆಕಾಯಿಗೆ ಮಸಾಲೆ ತುಂಬಿದೆ, ಪುಂಡಿಪಲ್ಯಕ್ಕೆ ಒಗ್ಗರಣೆ ಕೊಟ್ಟೆ, ಅಂಬಲಿಗೆ ಮಜ್ಜಿಗೆ ಬೆರೆಸಿದೆ. ಎಮ್ಮೆಗೆ ಹಿಂಡಿ ಇಟ್ಟೆ. ಹೊಸ ಟ್ರ್ಯಾಕ್ಟರಿನ ಹಣೆಗೆ ವಿಭೂತಿ ಹಚ್ಚಿ ಚೆಂಡುಹೂವಿನ ಮಾಲೆ ಕಟ್ಟಿದೆ. ಕೊನೆಗೆ ಒಂದು ನೊಗವನ್ನು ಒರೆಸಿ, ಎಣ್ಣೆ ಸವರಿ, ಗೋಡೆಗೆ ಆನಿಸಿ ಇಟ್ಟೆ.

ಎತ್ತಿಲ್ಲದ ಮನೆಯಲ್ಲಿ ನೊಗಕ್ಕೇಕೆ ಎಣ್ಣೆ ಎಂದು ಕೇಳಬಹುದು. ಆ ನೊಗ ಸಾಮಾನ್ಯದ್ದಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಊರು ಕಂಡದ್ದು, ಅದೂ ಸರ್ಕಾರಿ ಬಸ್ಸಿನಲ್ಲಿ, ಟಿಕೀಟು ತೆಗೆಸಿಕೊಂಡು! ನಮ್ಮ ಕಡೆ ಟ್ರ್ಯಾಕ್ಟರ್ ಕೊಂಡವರು ಮನೆಗೊಬ್ಬರು ಸಿಗುತ್ತಾರೆ. ನೊಗದ ಅಳತೆ ಹಿಡಿದು ಟ್ರ್ಯಾಕ್ಟರ್ ಹುಡುಕಿದ ಮಹಾನುಭಾವರು ನಮ್ಮ ಕಾಕಾ ಒಬ್ಬರೇ.

ಕಾಕಾ ಎಂದರೆ ನಮ್ಮ ಯಜಮಾನರ ಕಾಕಾ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನನಗೂ ಕಾಕಾನೇ. ಅವರ ಹೆಂಡತಿ ಚಿಗವ್ವ. ಘೋಡಗೇರಿ ದಾಟಿ ಒಂದಿಷ್ಟು ಆಚೆ, ಗುಡ್ಡದ ಬುಡದಲ್ಲಿ ನಮ್ಮ ಮನೆ. ಮನೆಯ ಹಿಂದಿನಿಂದಲೇ ಹೊಲ ಮೆಟ್ಟಿಲು ಮೆಟ್ಟಿಲಾಗಿ ಗುಡ್ಡ ಏರುತ್ತದೆ, ಏಳು ಪಟ್ಟಿ. ಮೊದಲ ಪಟ್ಟಿಗೆ ಹೋಗುವ ದಾರಿಯಲ್ಲಿ ಎರಡು ದೊಡ್ಡ ಬಂಡೆಗಳು ಎದುರುಬದುರು ನಿಂತಿವೆ. ನಾವು ಅವಕ್ಕೆ ಗಂಡ-ಹೆಂಡಿರ ಕಲ್ಲು ಅನ್ನುತ್ತೇವೆ. ಮೇಲೆ ಹೋಗುವುದೇನಿದ್ದರೂ ಅವೆರಡರ ನಡುವೆ ನುಸುಳಿಯೇ ಹೋಗಬೇಕು.

ಚಿಗವ್ವ ಮೊದಲು ಎತ್ತಿನ ಬಂಡಿಯಲ್ಲಿ ಕೂತು ಏಳನೇ ಪಟ್ಟಿಯವರೆಗೆ ಹೋಗಿ ಎಳ್ಳ ಅಮಾವಾಸ್ಯೆಯ ಚರಗ ತಾನೇ ಚೆಲ್ಲುತ್ತಿದ್ದಳು. ಮಾಡಿದ ಅಡಿಗೆಯನ್ನೆಲ್ಲ ಒಂದಿಷ್ಟು ಕಲಸಿ ಭೂಮಿತಾಯಿಗೆ ಉಣಿಸುವ ಕೆಲಸ ಅದು. ನಾಲ್ಕು ವರ್ಷದ ಹಿಂದೆ ಎತ್ತುಗಳು ಮುದಿಯಾಗಿ ಒಂದರ ಹಿಂದೊಂದು ಹೋದವು. ಬಂಡಿಯನ್ನು ಕಾಕಾ ಬೀಗರಿಗೆ ಕೊಟ್ಟರು. ನೊಗ ಮಾತ್ರ ಕೊಡಲಿಲ್ಲ. ಅದೇ ಹೊತ್ತಿಗೆ ಚಿಗವ್ವನ ಮೊಣಕಾಲೂ ಮುಷ್ಕರ ಹೂಡಿದವು. ಅಲ್ಲಿಂದ ಮೂರು ಅಮಾವಾಸ್ಯೆ ಅವಳು ಕೆಳಗೆ ಒಲೆಯ ಮುಂದೆ, ಚರಗದ ಬುಟ್ಟಿ ಗಂಡಸರ ಕೈಯಲ್ಲಿ.

ಗಂಡಸರ ಚರಗ ಹೇಗಿರುತ್ತದೆ ಗೊತ್ತಲ್ಲ? ನಾಲ್ಕನೇ ಪಟ್ಟಿಗೆ ದಮ್ಮು ಹತ್ತುತ್ತದೆ. ಅಲ್ಲೇ ಬುಟ್ಟಿ ಬೋರಲು ಹಾಕಿ, ಅಲ್ಲೇ ಉಂಡು, ಅಲ್ಲೇ ಒರಗಿ, ಇಳಿದು ಬಂದು "ಏಳಕ್ಕೂ ಮುಟ್ಟೇತಿ" ಅನ್ನುತ್ತಾರೆ. ಸುಗ್ಗಿಯಲ್ಲಿ ಮೇಲಿನ ಪಟ್ಟಿಯ ಕಡಲೆ ತೆಳ್ಳಗೆ ಬಂದರೆ ಚಿಗವ್ವ ಕಾಕಾನ ಮುಂದೆ ನಿಂತು, "ನೋಡ್ರಿ, ಅದನ್ನ ಉಪಾಸ ಕೆಡವೀರಿ" ಅನ್ನುವಳು. ಮಣ್ಣು ಹೊಟ್ಟೆ ಹಸಿದು ಮಲಗಿದೆ ಎಂಬ ಸಂಕಟ ಅವಳಿಗೆ ಖರೇನೇ ಇತ್ತು. ಉಣ್ಣುವಾಗ ಒಮ್ಮೊಮ್ಮೆ ತುತ್ತು ಹಿಡಿದು ಗುಡ್ಡದ ಕಡೆ ನೋಡುತ್ತ ಕೂರುತ್ತಿದ್ದಳು.

ಈ ಸಲ ದಸರೆಯಲ್ಲಿ ಅವಳು ಸಾರಿಬಿಟ್ಟಳು. "ಎಳ್ಳ ಅಮಾಸಿಗೆ ನಾ ಮ್ಯಾಲ ಹೋಗಬೇಕು. ಇಲ್ಲಂದ್ರ ಅಡಿಗೀನೂ ಮಾಡಂಗಿಲ್ಲ, ಚರಗಾನೂ ಇಲ್ಲ."

ಕಾಕಾ ಎದ್ದು ಪಟಕಾ ಸುತ್ತಿಕೊಂಡರು. "ಆತು. ಸಣ್ಣದೊಂದು ಟ್ರ್ಯಾಕ್ಟರ್ ತರೂಣು. ಹೊಲಕ್ಕೂ ಬೇಕಾಗೇತಿ." ಹೊಲದ ಮಾತನ್ನು ಮರ್ಯಾದೆಗೆ ಸೇರಿಸಿದ್ದು.

ಜೆಸಿಬಿ ತರಿಸಿ ಒಂದು ಕಲ್ಲು ಸರಿಸಿದರೆ ಎಂಥ ಟ್ರ್ಯಾಕ್ಟರೂ ಹೋಗುತ್ತದೆ ಎಂದು ನಮ್ಮವರು ಹೇಳಿ ನೋಡಿದರು. ಕಾಕಾ ಒಪ್ಪಲಿಲ್ಲ. "ಗಂಡ-ಹೆಂಡ್ತಿ ನಡುವ ಜೆಸಿಬಿ ಹಾಕತಾರೇನೋ? ಅವು ಇದ್ದಲ್ಲೇ ಇರಲಿ. ನಾವ ಸಣ್ಣಾಗೂಣು."

ಹಾಗಾದರೆ ಟೇಪು ಹಿಡಿದು ಅಗಲವನ್ನಾದರೂ ಅಳೆಯೋಣ ಅಂದರೆ, ಅದೂ ಬೇಡ. "ಆ ಕಲ್ಲಿಗೆ ಟೇಪ್ ಗೊತ್ತಿಲ್ಲ, ನೊಗ ಗೊತ್ತೈತಿ. ನಲವತ್ತ ವರ್ಷ ಅದರ ನಡುವ ನೊಗ ಹೊಡದೇನಿ. ನೊಗದಷ್ಟ ಅಗಲದ್ದು ಹೋಗತೈತಿ, ಮುಗೀತು."

ಹೀಗೆ ಅಟ್ಟದ ನೊಗ ಕೆಳಗಿಳಿಯಿತು. ಅದನ್ನು ಹೊತ್ತುಕೊಂಡು ಕಾಕಾ, ಅವರ ಹಿಂದೆ ನಾನು. ನಾನೇಕೆ? ನಾನೂ ಅದನ್ನೇ ಕೇಳಿದೆ. ಹಿಂದಿನ ದಿನ ರೇಷನ್ ಅಂಗಡಿಯಲ್ಲಿ, "ತಕ್ಕಡಿ ಸರಿ ಐತೋ ಇಲ್ಲೋ ನೋಡೂಣು, ನಿಂದರ ಯವ್ವಾ" ಎಂದು ನನ್ನನ್ನು ಹತ್ತಿಸಿ ನಿಲ್ಲಿಸಿದ್ದರು. ಚಿಗವ್ವನಿಗಿಂತ ನಾನು ಐದು ಕಿಲೋ ಕಡಿಮೆ ಬಿದ್ದೆ. ಮನೆಯಲ್ಲಿ ಅವಳ ತೂಕಕ್ಕೆ ಇಷ್ಟು ಹತ್ತಿರ ಬರುವವಳು ನಾನೊಬ್ಬಳೇ ಎಂಬ ಅರ್ಹತೆಯಿಂದ, ಅವಳ ಬದಲು ಟ್ರಾಲಿಯಲ್ಲಿ ಕೂತು ನೋಡಲು ನನ್ನ ಆಯ್ಕೆಯಾಗಿತ್ತು. ಕಡಿಮೆ ಬಿದ್ದ ಐದು ಕಿಲೋಕ್ಕೆ ಬೆಲ್ಲದ ಒಂದು ಪೆಂಟೆಯನ್ನು ಚೀಲದಲ್ಲಿ ಹಾಕಿ ನನ್ನ ಕೈಗೇ ಕೊಟ್ಟರು.

ಬಸ್ಸಿನ ಕಂಡಕ್ಟರ್ ನೊಗವನ್ನು ನೋಡಿ, ಕಾಕಾನನ್ನು ನೋಡಿ, ಹೊರಗೂ ಒಮ್ಮೆ ಬಗ್ಗಿ ನೋಡಿದ. "ಅಜ್ಜಾರ, ಎತ್ತ ಎಲ್ಲ್ಯದಾವ್ರಿ?"

"ಹಿಂದಿನ ಬಸ್ಸಿಗೆ ಬರತಾವು. ನೀ ಇದಕ್ಕೊಂದ ಟಿಕೀಟ್ ಹರಿ."

"ಅರ್ಧಾ ಕೊಡ್ಲ್ಯೋ ಪೂರಾ ಕೊಡ್ಲ್ಯೋ?"

"ಪೂರಾನ ಕೊಡಪಾ. ನಿನಗಿಂತ ವಯಸ್ಸಿಗೆ ದೊಡ್ಡದೈತಿ ಅದು."

ಸೀಟುಗಳ ನಡುವೆ ಉದ್ದಕ್ಕೆ ಮಲಗಿದ ನೊಗ ಮೊದಲು ಎಲ್ಲರ ಕಾಲಿಗೂ ತೊಡರಿತು. ಬೈದವರು ಬೈದರು. ಆಮೇಲೆ ಒಬ್ಬಳು ಅದರ ಮೇಲೆ ಕೊತ್ತಂಬರಿ ಬುಟ್ಟಿ ಇಟ್ಟಳು, ಸೀಟು ಸಿಗದ ಇಬ್ಬರು ಅದರ ಮೇಲೇ ಕೂತರು. ಗೋಕಾಕದಲ್ಲಿ ಇಳಿಯುವಾಗ, "ನಾಳೆನೂ ತರ್ರೀ ಅಜ್ಜಾರ" ಅಂದರು.

ಗೋಕಾಕದ ಶೋರೂಮಿನವನು ನಮಗೆ ಕುರ್ಚಿ ಕೊಟ್ಟು, ಬೆರಳಷ್ಟು ಕಪ್ಪಿನಲ್ಲಿ ಚಹಾ ಕೊಟ್ಟು, ಎಲ್ಲಕ್ಕಿಂತ ದೊಡ್ಡ ಟ್ರ್ಯಾಕ್ಟರಿನ ಮುಂದೆ ನಿಲ್ಲಿಸಿದ. "ಇದು ಕಬ್ಬಿನ ಎರಡ ಟ್ರಾಲಿ ಎಳೀತೈತ್ರಿ."

"ನನಗ ಎಳಿಯಾಕಿರೋದು ಒಬ್ಬಾಕಿ ಹೆಣ್ಣಮಗಳಪಾ," ಅಂದರು ಕಾಕಾ.

ಅವನು ನನ್ನ ಕಡೆ ನೋಡಿದ. ನಾನು ಬೆಲ್ಲದ ಚೀಲದ ಕಡೆ ನೋಡಿದೆ. ಸಣ್ಣದು ತೋರಿಸಿದ. ಕಾಕಾ ಅದರ ಹಿಂದಿನ ಗಾಲಿಗಳಿಗೆ ನೊಗವನ್ನು ಅಡ್ಡ ಹಿಡಿದರು. ಗಾಲಿ ನೊಗಕ್ಕಿಂತ ಒಂದು ಗೇಣು ಹೊರಗೆ. ಇನ್ನೂ ಸಣ್ಣದು ಹಿಡಿದರು. ನಾಲ್ಕು ಬೆರಳು ಹೊರಗೆ. "ನಾಕ್ ಬೆರಳಿಗೆ ಯಾಕ ಬಿಡತೀರಿ ಅಜ್ಜಾರ?" ಎಂದು ಅವನು ಬೇಡಿಕೊಂಡ. "ಕಲ್ಲಿಗಿ ಕೇಳ," ಅಂದರು ಕಾಕಾ. ಬರುವಾಗ ಕರದಂಟು ಕೊಡಿಸಿದರು. ಪ್ರೀತಿಯಿಂದಲ್ಲ. "ತಿನ್ನ ಯವ್ವಾ, ಐದ ಕಿಲೋ ಬೇಕಾಗೇತಿ."

ಮೂಡಲಗಿಯಲ್ಲಿ ಒಬ್ಬ ದಲಾಲಿಯ ಹತ್ತಿರ ಹಳೆಯ ಸಣ್ಣ ಟ್ರ್ಯಾಕ್ಟರ್ ಇತ್ತು. ಕಬ್ಬಿನ ಸೀಜನ್ನಿನಲ್ಲಿ ದುಡಿದ ಗಾಡಿ. ಗೊಂಡೆ, ಕನ್ನಡಿ, ಬಣ್ಣದ ಪಟ್ಟಿ, ಹಿಂದೆ ಗೋದಿಯ ಕಣಜದಷ್ಟು ಎತ್ತರದ ಎರಡು ಸೌಂಡ್ ಬಾಕ್ಸು. ಅವನು ಹಾಡು ಹಚ್ಚಿದೊಡನೆ ಪಕ್ಕದ ಹೋಟೆಲಿನ ಕಪ್ಪು-ಬಸಿಗಳು ತಾವಾಗಿಯೇ ಸರಿದಾಡಿದವು.

"ಇದರಾಗ ಟ್ರ್ಯಾಕ್ಟರ್ ಯಾವ ಕಡೆ ಐತಿ?" ಕಾಕಾ ಕೂಗಿ ಕೇಳಿದರು.

ಆದರೂ ಅದು ನೊಗದ ಪರೀಕ್ಷೆಯಲ್ಲಿ ಪಾಸಾಯಿತು. ಆಮೇಲಿನದು ಅಂಬಲಿಯ ಪರೀಕ್ಷೆ. ಚರಗದ ಅಂಬಲಿ ಗುಡ್ಡ ಏರುವಾಗ ತುಳುಕಬಾರದಲ್ಲ? ನಾನು ಟ್ರಾಲಿಯಲ್ಲಿ ಕೂತೆ. ತೊಡೆಯ ಮೇಲೆ ಬೆಲ್ಲ, ಕೈಯಲ್ಲಿ ಅಂಬಲಿಯ ಗಡಿಗೆ. ಟ್ರ್ಯಾಕ್ಟರ್ ಕಾಲುವೆಯ ಏರಿಯನ್ನು ಹತ್ತತೊಡಗಿತು. ಅರ್ಧಕ್ಕೆ ಬಂದಾಗ ಮುಂದಿನ ಗಾಲಿಗಳು ನೆಲ ಬಿಟ್ಟು, ನಮಸ್ಕಾರ ಮಾಡಿದ ಹಾಗೆ ಮೇಲೆದ್ದವು. ದಲಾಲಿ ಗಾಬರಿಯಲ್ಲಿ ಹಿಂದಕ್ಕೆ ಬಿಟ್ಟ. ಗಡಿಗೆಯಲ್ಲಿದ್ದುದೆಲ್ಲ ನನ್ನ ಇಳಕಲ್ ಸೀರೆಗೆ ಬಂತು.

"ಅಂಬಲಿ ಫೇಲು," ಅಂದರು ಕಾಕಾ.

"ಅಂಬಲಿ ಟ್ರ್ಯಾಕ್ಟರಿನ ಪಾರ್ಟ್ ಅಲ್ಲರಿ ಅಜ್ಜಾರ."

"ನಮ್ಮ ಮನ್ಯಾಗ ಅದ ದೊಡ್ಡ ಪಾರ್ಟು."

ದೀಪಾವಳಿ ಬಂತು, ಹೋಯಿತು. ಚಟ್ಟಿ ಹಬ್ಬವೂ ಹತ್ತಿರ ಬಂತು. ನಾವು ಹೊರಡುವಾಗಲೆಲ್ಲ ಚಿಗವ್ವ ಬಾಗಿಲಲ್ಲಿ ಕೂತು ನೊಗಕ್ಕೆ ಬಡಿಯದಂತೆ ಬಾಗಿಲ ಪರದೆಯನ್ನು ಎತ್ತಿ ಹಿಡಿಯುತ್ತಿದ್ದಳು. ಬಂದ ಮೇಲೆ ಎಲ್ಲ ಕೇಳುತ್ತಿದ್ದಳು. "ಕಂಡಕ್ಟರ್ ಏನಂದ? ಇವರೇನಂದ್ರು? ಊಟಾ ಎಲ್ಲಿ ಮಾಡಿದ್ರಿ?" ಟ್ರ್ಯಾಕ್ಟರಿನ ಸುದ್ದಿ ಮಾತ್ರ ಕಡೆಗೆ. ಅಮಾವಾಸ್ಯೆ ಹತ್ತಿರ ಬಂದಂತೆ ನನಗೇ ಚಡಪಡಿಕೆ. "ಸಿಗದಿದ್ರ ಹೆಂಗ ಚಿಗವ್ವಾ?" ಅಂದರೆ, "ಸಿಗತೈತಿ ಬಿಡ," ಎಂದು ಮೊಣಕಾಲು ತಿಕ್ಕಿಕೊಳ್ಳುವಳು.

ಹುಕ್ಕೇರಿಯಲ್ಲಿ ಸಿಕ್ಕಿತು. ದ್ರಾಕ್ಷಿ ತೋಟದವರು ಒಯ್ಯುವಂಥ ಗಿಡ್ಡ ಟ್ರ್ಯಾಕ್ಟರ್, ನಾಲ್ಕೂ ಗಾಲಿ ಎಳೆಯುವಂಥದು, ಜೊತೆಗೊಂದು ಪುಟ್ಟ ಟ್ರಾಲಿ. ಎರಡೂ ನೊಗದ ಅಳತೆಯೊಳಗೆ ಕೂತವು, ಎರಡು ಬೆರಳು ಉಳಿದವು. ಅಂಗಡಿಯ ಹಿಂದಿನ ದಿಬ್ಬದ ಮೇಲೆ ನಾನು, ಬೆಲ್ಲ, ಗಡಿಗೆ ಮೂವರೂ ಹತ್ತಿ ಇಳಿದೆವು. ಅಂಬಲಿ ಅಲುಗಿತು, ತುಳುಕಲಿಲ್ಲ. ಅಂಗಡಿಯ ಮಾಲೀಕ ತಾಳ್ಮೆಯ ಮನುಷ್ಯ. ಕಾಕಾ ತಮ್ಮ ಮೊಣಕಾಲಿನ ಕೆಳಗೆ ಕೈ ಇಟ್ಟು, "ಟ್ರಾಲಿಗೆ ಇಷ್ಟ ಎತ್ತರದಾಗ ಇನ್ನೊಂದ ಮೆಟ್ಟಲ ಬೆಸಿಗಿ ಮಾಡಸಬೇಕು" ಅಂದಾಗ, ಏಕೆ ಎಂದೂ ಕೇಳದೆ ಮಾಡಿಸಿ, ನಿನ್ನೆ ಸಂಜೆ ತಂದು ನಿಲ್ಲಿಸಿದ.

ಇವತ್ತು ಹೊರಟೆವು. ನಮ್ಮವರು ನಡೆಸಿದರು. ಟ್ರಾಲಿಯಲ್ಲಿ ಕೌದಿ ಹಾಸಿ ಚಿಗವ್ವ, ಅವಳ ಪಕ್ಕ ನಾನು, ನಡುವೆ ಬುಟ್ಟಿ. ಎಲ್ಲಕ್ಕಿಂತ ಮುಂದೆ ಹೆಗಲ ಮೇಲೆ ನೊಗ ಹೊತ್ತ ಕಾಕಾ. ಕಲ್ಲು ಬಂದವು. ಕಾಕಾ ನಿಂತರು, ನೊಗವನ್ನು ಇಳಿಸಿ ಎರಡೂ ಕಲ್ಲಿನ ನಡುವೆ ಅಡ್ಡ ಹಿಡಿದರು. ಈ ಕಡೆ ಒಂದು ಗೇಣು ಖಾಲಿ, ಆ ಕಡೆ ಒಂದು ಗೇಣು ಖಾಲಿ!

ಅಳತೆಗೆಂದು ಮೂರು ಊರು ತಿರುಗಿದ ನೊಗ ಮನೆಯ ಹಿಂದಿನ ಈ ಕಲ್ಲಿನವರೆಗೆ ಮಾತ್ರ ಬಂದಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಕಾಕಾ ನೊಗವನ್ನು ನೋಡಿದರು, ಕಲ್ಲನ್ನು ನೋಡಿದರು, ಟ್ರಾಲಿಯಲ್ಲಿ ಕೂತ ಹೆಂಡತಿಯನ್ನು ನೋಡಿದರು. ಆಮೇಲೆ ಗಂಭೀರವಾಗಿ, "ಕಲ್ಲ ಸರದಾವು," ಅಂದರು. "ನಾಕ ವರ್ಷದ ಮ್ಯಾಲ ನೀ ಬರತೀ ಅಂತ ಸರದ ದಾರಿ ಕೊಟ್ಟಾವ ನೋಡ."

"ಹೂನ್ರಿ, ಸರದಾವು," ಅಂದಳು ಚಿಗವ್ವ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಪಟ್ಟಿ ಪಟ್ಟಿಗೂ ಟ್ರ್ಯಾಕ್ಟರ್ ನಿಲ್ಲಿಸಿ ಚರಗ ಚೆಲ್ಲಿದೆವು. ಏಳನೆಯದರಲ್ಲಿ ಚಿಗವ್ವ ಬೆಸುಗೆಯ ಹೊಸ ಮೆಟ್ಟಿಲ ಮೇಲೆ ಕಾಲಿಟ್ಟು ತಾನೇ ಇಳಿದಳು. ಕಡಲೆಯ ಸಾಲಿನ ನಡುವೆ ಎಷ್ಟು ಬಾಗಲು ಆಗುತ್ತದೋ ಅಷ್ಟು ಬಾಗಿ, ಬದನೆಕಾಯಿಯನ್ನೂ ಹೋಳಿಗೆಯನ್ನೂ ಎರಡೆರಡು ಸಲ ಹಾಕಿದಳು. "ಮೂರ ವರ್ಷದ್ದು ಉಣ್ಣವ್ವಾ" ಅಂದದ್ದು ಪಕ್ಕದಲ್ಲಿದ್ದ ನನಗಷ್ಟೇ ಕೇಳಿಸಿತು.

ಕಾಕಾ ದೂರದಲ್ಲಿ ಟ್ರ್ಯಾಕ್ಟರಿನ ಧೂಳು ಒರೆಸುತ್ತಿದ್ದರು. ನಾನು ಮೆಲ್ಲಗೆ ಕೇಳಿದೆ. "ಚಿಗವ್ವಾ, ಕಲ್ಲ ಹೆಂಗ ಸರದಾವು?"

"ಕಲ್ಲ ಎಲ್ಲಿ ಸರೀತಾವ ಹುಚ್ಚಿ. ನೊಗ ಹೋದ ಮ್ಯಾಲ ಅದರ ಹಿಂದ ಬಂಡಿ ಹೋಗತಿರಲಿಲ್ಲೇನು? ಬಂಡಿ ಅಚ್ಚಿನ ತುದಿ ನೊಗಕ್ಕಿಂತ ಹೊರಗ ಇರತಿತ್ತು. ಕಲ್ಲಿಗೆ ತಾಕೀತೇನೋ ಅಂತ ಪ್ರತಿ ಸಲ ನಾನ ಬಗ್ಗಿ ನೋಡತಿದ್ದೆ."

ನನಗೆ ನಗು ಬಂತು, ಸಿಟ್ಟೂ ಬಂತು. ಸೀರೆಯ ಮೇಲಿನ ಅಂಬಲಿ ನೆನಪಾಯಿತು. "ಗೊತ್ತಿದ್ದ ಮ್ಯಾಲ ಮೊದಲನೇ ದಿನಾನ ಹೇಳಬಾರದಾ? ಗೋಕಾಕದ್ದೂ ಹಿಡೀತಿತ್ತಲ್ಲ!"

ಚಿಗವ್ವ ಕೈಗೆ ಹತ್ತಿದ ಎಳ್ಳನ್ನು ಸೆರಗಿಗೆ ಒರೆಸಿಕೊಂಡಳು. "ಹೆಂಗ ಹೇಳಲಿ? ಮದವಿ ಆಗಿ ನಲವತ್ತ ವರ್ಷ ಆತು. ಎತ್ತಿನ ಸಲವಾಗಿ ಊರೂರು ತಿರಗ್ಯಾರ, ಬೀಜದ ಸಲವಾಗಿ ತಿರಗ್ಯಾರ. ನನ್ನ ಸಲವಾಗಿ ತಿರಗಿದ್ದು ಇದ ಮೊದಲು. ಅದೂ ಹೆಗಲ ಮ್ಯಾಲ ನೊಗಾ ಹೊತ್ತ. ಇನ್ನೊಂದ ಊರ ತಿರಗಲಿ ಅನಸ್ತು. ಅವರಿಗಿ ಹೇಳಬ್ಯಾಡ ಮತ್ತ."

ಹೇಳಿಲ್ಲ. ಬರೆದಿದ್ದೇನೆ ಅಷ್ಟೇ. ಕಾಕಾ ಓದುವುದು ಗೊಬ್ಬರದ ಚೀಲದ ಮೇಲಿನ ಅಕ್ಷರ ಮಾತ್ರ.

ಮಧ್ಯಾಹ್ನ ಮೇಲೆಯೇ ಉಂಡೆವು: ಸಜ್ಜಿರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಒಂದು ಹನಿಯೂ ತುಳುಕದೆ ಬಂದ ಅಂಬಲಿ. ಸಂಜೆ ಮನೆಯಲ್ಲಿ ಯಾರಿಗೂ ಹಸಿವಿರಲಿಲ್ಲ. ಉಳಿದ ಮೊಸರನ್ನವನ್ನು ನಮ್ಮವರೂ ನಾನೂ ಹಂಚಿಕೊಂಡೆವು, ಚಿಗವ್ವ ಅರ್ಧ ಹೋಳಿಗೆ ತಿಂದಳು, ಕಾಕಾ ಒಂದೂವರೆ. ಮೊದಲು ಹಾಸಿಗೆ ಹಿಡಿದವರೂ ಅವರೇ. ಕಣ್ಣು ಮುಚ್ಚಿಕೊಂಡೇ ಕೇಳಿದರು. "ಏ, ಕಲ್ಲ ಖರೇನ ಸರದಿದ್ದು ನೋಡಿದಿಲ್ಲ?"

"ನೋಡಿದೆನ್ರಿ," ಅಂದಳು ಚಿಗವ್ವ, ಅವರ ಕಾಲ ಮೇಲೆ ಕೌದಿ ಎಳೆಯುತ್ತ. "ಮಲಗ್ರಿ ಈಗ."

ಅವರು ಆಗಲೇ ಮಲಗಿದ್ದರು.